ಕೆರೆಗೆ ಬಂದ ನೀರುನಾಯಿ

ನೆರೆನೀರು ಹಿಡಿದಿಡಲು ತಲ್ಲೂರಿನ ಕಡೆ ಕೆರೆ ತೋಡಿಸುವುದು ನನ್ನ ಕೆಲಸ. ಮುಂಬೈಯ ಹೋಟೆಲು ಬಿಟ್ಟು ಬಂದ ಶೀನಣ್ಣ ಅದಕ್ಕೆಂದು ಒಂದು ಗದ್ದೆಯನ್ನೇ ಬಿಟ್ಟುಕೊಟ್ಟಿದ್ದರು. ಹಕ್ಕಿ, ಪ್ರಾಣಿ ಎಲ್ಲ ಬರುತ್ತವೆ ಎಂದು ಆಸೆ ಹುಟ್ಟಿಸಿದವನು ನಾನೇ. ಮಳೆಗಾಲ ಕಳೆದು ನೋಡಲು ಹೋದರೆ ಅವರು ಮುಖ ಗಂಟಿಕ್ಕಿಕೊಂಡಿದ್ದರು.

“ಪ್ರಾಣಿ ಬಂದಿತ್ತ್ ಮಾರಾಯ್ರೆ, ನೀರುನಾಯಿ. ನಾ ಸಾಕಿದ್ ಮೀನೆಲ್ಲ ತಿಂತಾ ಇತ್ತ್. ಕೆರೆ ಮುಚ್ಚುದೇ.”

“ಈ ಸಲ ನೆರೆ ಅಂಗಳಕ್ಕೆ ಬಂತಾ?” ಎಂದೆ.

“ಬರ್ಲಿಲ್ಲ,” ಎಂದರು. “ತಿಂದ್ರೆ ತಿನ್ಲಿ. ಆದ್ರೆ ಅದ್ಕೆ ಸೋಮವಾರವೂ ಇಲ್ಲ.”

ಅಂದು ಸೋಮವಾರ. ಆ ಮನೆಯಲ್ಲಿ ಸೋಮವಾರ ಮೀನು ಮಾಡುವುದಿಲ್ಲ. ಊಟಕ್ಕೆ ಕುಳಿತ ನಮ್ಮಿಬ್ಬರಿಗೂ ಸೌತೆಕಾಯಿ ಹುಳಿ ಬಡಿಸಿದರು. ಕಿಟಕಿಯಾಚೆ, ಕೆರೆಯ ದಂಡೆಯಲ್ಲಿ ಕುಳಿತು ನೀರುನಾಯಿ ನಿಧಾನವಾಗಿ ಮೀನು ಜಗಿಯುತ್ತಿತ್ತು. ಕೆರೆ ಮುಚ್ಚುತ್ತೇನೆ ಎಂದಿದ್ದ ಶೀನಣ್ಣ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು.