ಕ್ಲಚ್ ಇಲ್ಲದ ಕಾರು

ಮೂರನೇ ವಯಸ್ಸಿನಲ್ಲಿ ನನ್ನ ಎಡಗಾಲಿಗೆ ಪೋಲಿಯೋ ಬಡಿಯಿತು. ಕೂತಿದ್ದರೆ ಏನೂ ಗೊತ್ತಾಗುವುದಿಲ್ಲ, ನಡೆದರೆ ಗೊತ್ತಾಗುತ್ತದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ಉಪ್ಪಿಟ್ಟು ಮುಗಿಸಿ, ಕಾಫಿ ಲೋಟ ಕೆಳಗಿಟ್ಟು, "ಸ್ವಲ್ಪ ನಡೆದು ತೋರಿಸಮ್ಮ" ಅನ್ನುತ್ತಿದ್ದರು. ನಾಲ್ಕನೆಯವರು ಹೋದ ಮೇಲೆ, ಇನ್ನು ಯಾರಿಗೂ ರವೆ ಹುರಿಯಬೇಡ ಎಂದು ಅಮ್ಮನಿಗೆ ಹೇಳಿಬಿಟ್ಟೆ.

ಅಪ್ಪ ಮಾತ್ರ ನನ್ನ ಕಾಲಿಗೆ ಗಂಡು ಹುಡುಕದೆ ಕಾರು ಹುಡುಕಿದರು. ಊರು ಬಿಟ್ಟು ಹೊರಟಿದ್ದ ವಿದೇಶಿ ಅಧಿಕಾರಿಯೊಬ್ಬರ ಹತ್ತಿರ ಕೊಂಡ ಹಳೆಯ ಅಮೆರಿಕದ ಕಾರು ಅದು. ಗೇರನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. ಕ್ಲಚ್ ಇರಲಿಲ್ಲ, ಆದ್ದರಿಂದ ಬಲಗಾಲೊಂದೇ ಸಾಕು. ವಿಜಯನಗರದಲ್ಲಿ ಸೈಟು ಗುರುತು ಮಾಡಿದ್ದರೂ ಇನ್ನೂ ಮನೆ ಏಳದಿದ್ದ ಖಾಲಿ ರಸ್ತೆಗಳಲ್ಲಿ ಅಪ್ಪ ನನಗೆ ಓಡಿಸಲು ಕಲಿಸಿದರು. ಆಮೇಲೆ ರಾಜಾಜಿನಗರದ ಮನೆಯಿಂದ ನಾನು ಗಣಿತ ಹೇಳಿಕೊಡುತ್ತಿದ್ದ ಶಾಲೆಗೆ ಒಬ್ಬಳೇ ಹೋಗಿ ಬರುತ್ತಿದ್ದೆ. "ಬೇಗ ಹತ್ತಮ್ಮ" ಎಂದು ಕಂಡಕ್ಟರ್ ರೇಗುವ ಬಸ್ಸಿನ ಮೆಟ್ಟಿಲಿಗೆ ಅಂದೇ ಕೈ ಮುಗಿದೆ.

ಎಪ್ಪತ್ತರ ದಶಕದ ನಡುವೆ, ಅಪ್ಪ ತೀರಿಕೊಂಡ ಮರುವರ್ಷ, ಕಾರು ಮುನಿಸಿಕೊಂಡಿತು. ಮುಂದಕ್ಕೆ ಹೋಗುವ ಗೇರಿಗೆ ಹಾಕಿದರೂ ಐದಾರು ಕ್ಷಣ ಸುಮ್ಮನಿದ್ದು, ಆಮೇಲೆ ಧಡಕ್ಕನೆ ಹೊರಡುವುದು. ಮಾಗಡಿ ರಸ್ತೆಯ ಏರಿನಲ್ಲಂತೂ ಎಂಜಿನ್ ಅಬ್ಬರಿಸುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು. ಅಣ್ಣ ನನ್ನನ್ನೂ ಕರೆದುಕೊಂಡು ಹೋಗಿ ಅದನ್ನು ಕಾಮಾಕ್ಷಿಪಾಳ್ಯದ ಒಂದು ಗ್ಯಾರೇಜಿಗೆ ತೋರಿಸಿದ. ಅಲ್ಲಿನ ಮೇಸ್ತ್ರಿ ಸಾದಾ ಕಾರುಗಳಲ್ಲಿ ಪಳಗಿದ ಕೈ, ಆದರೆ ಇಂಥದನ್ನು ಕಂಡಿರಲಿಲ್ಲ. ಎಂಜಿನ್ ಆರಿಸಿ, ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಒರೆಸಿ ಅದ್ದಿ ನೋಡಿ, "ಆಯಿಲ್ ಫುಲ್ ಇದೆ ಸಾರ್" ಅಂದರು. ಕಾರು ಓಡಿಸುವವಳು ನಾನು, ಮಾತೆಲ್ಲ ಅಣ್ಣನ ಜೊತೆ. ಅಣ್ಣ ಮನೆಯಲ್ಲಿ ನಿಲ್ಲಿಸಿದ್ದ ಕಾರಿನ ಕೆಳಗೆ ಒಂದು ದಿನವಿಡೀ ಪೇಪರ್ ಹಾಸಿ ನೋಡಿದ. ಒಂದು ಹನಿಯೂ ಇಲ್ಲ.

"ಗೇರ್‌ಬಾಕ್ಸೇ ಹೋಗಿದೆ ಸಾರ್," ಎಂದರು ಮೇಸ್ತ್ರಿ, ಮತ್ತೆ ಹೋದಾಗ. "ಇದರ ಸಾಮಾನು ಎಲ್ಲೂ ಸಿಗಲ್ಲ. ಕಿತ್ತಾಕಿ ಸಾದಾದು ಕೂರಿಸ್ಬಿಡೋಣ. ಕ್ಲಚ್ ಹಾಕಿದ್ರೆ ಯಾರು ಬೇಕಾದ್ರೂ ಓಡಿಸ್ಬೋದು."

ಯಾರು ಬೇಕಾದರೂ, ನನ್ನೊಬ್ಬಳನ್ನು ಬಿಟ್ಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ರಿಪೇರಿ ತಿಳಿಯದ ಮೇಸ್ತ್ರಿ ಕಾರನ್ನು ದೂರಿದ ಹಾಗೆ.

"ಡ್ರೈವರ್ ಇಟ್ಕೊಳ್ಳೋಣ ಕಣೇ," ಅಂದ ಅಣ್ಣ. "ನೀನು ಆರಾಮಾಗಿ ಹಿಂದೆ ಕೂತ್ಕೋ."

"ನೆಗಡಿ ಬಂತು ಅಂತ ಮೂಗು ಕೊಯ್ತಾರಾ ಅಣ್ಣ? ಭಾನುವಾರದ ತನಕ ಮುಟ್ಟಬೇಡಿ."

ಸುಳ್ಳೇಕೆ, ನನಗೆ ಭಯವಾಗಿತ್ತು. ಕಾರಿನ ಖಾನೆಯಲ್ಲಿ ಜಿರಲೆ ತಿಂದು ಉಳಿದಿದ್ದ ಅದರ ಪುಸ್ತಕವನ್ನು ತೆಗೆದು ಓದಿದೆ. ಎಣ್ಣೆ ಅಳೆಯುವಾಗ ಎಂಜಿನ್ ಬಿಸಿಯಾಗಿ ಓಡುತ್ತಿರಬೇಕು ಎಂದಿತ್ತು. ಮೇಸ್ತ್ರಿ ಎಲ್ಲ ಕಾರಿನಂತೆ ಇದನ್ನೂ ಆರಿಸಿ ಅಳೆದಿದ್ದರು. ಯಾಕೆ ಹಾಗೆ ಎಂದು ಯೋಚಿಸಿದರೆ ಲೆಕ್ಕ ಸುಲಭವಾಗಿತ್ತು. ಎಂಜಿನ್ ಓಡುವಾಗ ಒಳಗಿನ ಪಂಪು ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆರಿಸಿದರೆ ಅದೆಲ್ಲ ಕೆಳಗಿಳಿದು, ಕಡಿಮೆ ಇದ್ದದ್ದೂ ತುಂಬಿದ ಹಾಗೆ ಕಾಣುತ್ತದೆ.

ಭಾನುವಾರ ಬೆಳಿಗ್ಗೆ ಅಣ್ಣನನ್ನು ಕೂರಿಸಿಕೊಂಡು ಮನೆಯಿಂದ ನಾನೇ ಕಾರು ಓಡಿಸಿ ಗ್ಯಾರೇಜಿಗೆ ಹೋದಾಗ ಸಾದಾ ಗೇರ್‌ಬಾಕ್ಸು ಆಗಲೇ ಬಂದು ನೆಲದ ಮೇಲೆ ಕೂತಿತ್ತು. ಪಕ್ಕದಲ್ಲಿ ಕ್ಲಚ್ ಪೆಡಲ್. ನಾನು ಎಂಜಿನ್ ಆರಿಸಲಿಲ್ಲ. ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ.

"ಈಗ ಕಡ್ಡಿ ಅದ್ದಿ ನೋಡಿ."

"ಓಡೋ ಗಾಡೀಲಿ ಯಾರಾದ್ರೂ ಆಯಿಲ್ ನೋಡ್ತಾರಾ?" ಮೇಸ್ತ್ರಿ ಅಣ್ಣನ ಮುಖ ನೋಡಿದರು.

ಆಗ ನನ್ನ ಸಿಟ್ಟು ನೆತ್ತಿಗೇರಿತು. "ಅವನನ್ನ ಯಾಕೆ ನೋಡ್ತೀರಿ, ನನ್ನನ್ನ ನೋಡಿ. ಕೂತಿದ್ರೆ ನನ್ನ ಕಾಲೂ ಸರಿಯಾಗೇ ಇದೆ. ನೋಡೋಕೆ ಬಂದೋರಿಗೆಲ್ಲ ನಡೆದು ತೋರಿಸಿದೀನಿ. ಇದನ್ನೂ ನಡೆಸಿ ನೋಡಿ."

ಅಣ್ಣ ತಲೆ ತಗ್ಗಿಸಿದ. ಆ ನಾಲ್ಕು ಸಲವೂ ಅವನೇ ನನ್ನನ್ನು ನಡುಮನೆಗೆ ಕರೆದಿದ್ದ.

ಮೇಸ್ತ್ರಿ ಕಡ್ಡಿ ಅದ್ದಿ ತೆಗೆದರು. ಅದರ ತುದಿ ಮಾತ್ರ ಒದ್ದೆಯಾಗಿತ್ತು. ಅವರು ಟಾರ್ಚ್ ಹಿಡಿದು, ಓಡುತ್ತಿದ್ದ ಕಾರಿನ ಕೆಳಗೆ ತೂರಿದರು. ಗೇರಿನ ಎಣ್ಣೆ ತಣಿಯಲು ರೇಡಿಯೇಟರಿಗೆ ಹೋಗುವ ಕೊಳವೆಯ ಜಾಯಿಂಟಿನಿಂದ ಕೆಂಪು ಹನಿಗಳು ತೊಟ್ಟಿಕ್ಕುತ್ತಿದ್ದವು. ಎಂಜಿನ್ ಆರಿಸಿದ ಸ್ವಲ್ಪ ಹೊತ್ತಿಗೆ ನಿಂತುಹೋದವು. ಪೇಪರಿಗೆ ಹನಿ ಬೀಳದಿದ್ದದ್ದು ಅದಕ್ಕೇ.

ಅವರು ಜಾಯಿಂಟು ಬಿಚ್ಚಿ ಹೊಸದಾಗಿ ಕೂರಿಸಿದರು. ಅಣ್ಣ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಮಧ್ಯಾಹ್ನದ ಹೊತ್ತಿಗೆ ಅದೇ ಬಗೆಯ ಎಣ್ಣೆ ತಂದ. ಈ ಸಲ ಎಂಜಿನ್ ಓಡುತ್ತಿದ್ದಾಗಲೇ ಸ್ವಲ್ಪ ಸ್ವಲ್ಪವಾಗಿ ತುಂಬಿಸಿ ಅಳೆದರು.

"ಗೇರ್ ಹೆಂಗ್ ಬೀಳತ್ತೋ ಕೇಳ್ಬೇಕು. ನಾನು ಮುಂದೆ ಕೂತ್ಕೊಳ್ಳಲಾ ಮೇಡಂ?" ಎಂದರು ಮೇಸ್ತ್ರಿ. ಆ ಗ್ಯಾರೇಜಿನಲ್ಲಿ ನನಗೆಂದೇ ಹೇಳಿದ ಮೊದಲ ಮಾತು ಅದು.

ಅಣ್ಣ ಅಭ್ಯಾಸಬಲದಿಂದ ಡ್ರೈವರ್ ಬಾಗಿಲಿಗೆ ಬಂದು, ತಾನೇ ಓಡಿಸುವವನಂತೆ ಹಿಡಿಗೆ ಕೈ ಚಾಚಿದ. ನಾನು ಅವನನ್ನು ದಾಟಿ, ಗ್ಯಾರೇಜಿನವರೆಲ್ಲ ನೋಡುತ್ತಿರುವಂತೆಯೇ ಕಾಲೆಳೆಯುತ್ತ ನಡೆದುಹೋಗಿ ಸೀಟಿನಲ್ಲಿ ಕೂತೆ.

"ನೀನು ಆರಾಮಾಗಿ ಹಿಂದೆ ಕೂತ್ಕೋ ಅಣ್ಣ" ಎಂದು ಗೇರ್ ಹಾಕಿದೆ. ಕಾರು ತಕ್ಷಣ ಹೊರಟಿತು.