ನಾಯಕಿಯ ಕಣ್ಣಿನ ಬಣ್ಣ

ಕಾದಂಬರಿಯ ನಾಯಕಿಗೆ ಎಂಥ ಕಣ್ಣಿತ್ತೆಂದು ನೆನಪಿಟ್ಟುಕೊಳ್ಳುವ ಓದುಗರು ಎಷ್ಟು ಜನರಿದ್ದಾರೋ ನಾನರಿಯೆ. ನನ್ನ ಮಟ್ಟಿಗಂತೂ ಹತ್ತನೆಯ ಪುಟ ದಾಟುವಷ್ಟರಲ್ಲಿ ನನ್ನ ಕಣ್ಣೇ ಮುಚ್ಚಿಹೋಗಿರುತ್ತದೆ. ಆದರೆ ಮುಳಬಾಗಿಲಿನ ನಮ್ಮ ಮನೆಯಲ್ಲಿ ಅಕ್ಕನ ಮದುವೆ ಈ ಬಣ್ಣದ ದೆಸೆಯಿಂದಲೇ ಮುರಿದುಬೀಳುವುದರಲ್ಲಿತ್ತು ಎಂದರೆ ನೀವು ನಂಬಬೇಕು.

ಅದು ಯುದ್ಧದ ಕಾಲ. ಕೋಲಾರದಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದ ವರಮಹಾಶಯರು ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಅಂಗವಸ್ತ್ರಕ್ಕೆಲ್ಲ ಮಸಿ ಮಾಡಿಕೊಂಡು, ತಾಯಿಯೊಡನೆ ಹೆಣ್ಣು ನೋಡಲು ಬಂದರು. ಓದಿದ ಹುಡುಗಿಯೆಂಬ ಮಹಾದೋಷದಿಂದ ಅಕ್ಕನಿಗೆ ಹಿಂದಿನ ಸಂಬಂಧಗಳೆಲ್ಲ ತಪ್ಪಿದ್ದವು. ಇದೂ ತಪ್ಪಿದರೆ ಅಪ್ಪ ಶ್ರೀನಿವಾಸಪುರದ ವಿಧುರ ಶಾನುಭೋಗರೊಬ್ಬರಿಗೆ ಮಾತು ಕೊಡುವವರಿದ್ದರು. ಅವರಿಗೆ ಅಕ್ಕನ ವಯಸ್ಸಿನ ಮಗಳಿದ್ದಳು.

ಚಾಪೆಯ ಮೇಲೆ ತಲೆತಗ್ಗಿಸಿ ಕೂತ ಅಕ್ಕನಿಂದ ಹಾಡು ಹೇಳಿಸುವ ಬದಲು ಈತ ಪರೀಕ್ಷೆಗೇ ತೊಡಗಿದರು. ಆಕೆ ಓದಿದ್ದ ಹಳೆಯ ಇಂಗ್ಲಿಷ್ ಕಾದಂಬರಿಯೊಂದರ ಹೆಸರು ಹೇಳಿ, ಅದರ ನಾಯಕಿಯ ಕಣ್ಣು ಯಾವ ಬಣ್ಣವೆಂದು ಕೇಳಿದರು.

"ಮೊದಲು ನೀಲಿ. ಮದುವೆ ಆದ್ಮೇಲೆ ಕಂದು," ಎಂದಳು ಅಕ್ಕ.

"ಕಂದು ಮಾತ್ರ. ಅಷ್ಟು ದೊಡ್ಡ ಗ್ರಂಥಕರ್ತರು ತಪ್ಪು ಬರೀತಾರೇನಮ್ಮ?"

"ಬರ್ದಿದ್ದಾರೆ."

ಬಾಗಿಲ ಹಿಂದಿನಿಂದ ಅಮ್ಮ "ಸುಮ್ನಿರೇ" ಎಂದು ಪಿಸುಗುಟ್ಟಿದರು. ಅಪ್ಪನ ಮುಖ ಬಿಳಿಚಿಕೊಂಡಿತು. ಅಕ್ಕ ಎದ್ದುಹೋಗಿ ಪುಸ್ತಕ ತಂದಿಟ್ಟಳು. ಈತ ಮುಂದಿನ ಪುಟ ನೋಡಿ, ಹಿಂದಿನ ಪುಟ ನೋಡಿ, ಮತ್ತೆ ಮುಂದಿನದಕ್ಕೆ ಬಂದರು. ನಾಯಕಿ ಒಬ್ಬಳೇ, ನೇತ್ರದ್ವಯ ಮಾತ್ರ ಎರಡು ಜೊತೆ! ಉಪ್ಪಿಟ್ಟು ಆರಿತು, ಕಾಫಿಗೆ ಕೆನೆ ಕಟ್ಟಿತು. ಬಸ್ಸಿನ ಹೊತ್ತಾದಾಗ ಅವರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಹೂಂ ಉಹೂಂ ಏನೂ ಅನ್ನದೆ ಹೊರಟೇಹೋದರು.

ವಾರ ಕಳೆದರೂ ಸುದ್ದಿಯಿಲ್ಲ. ಅಕ್ಕ ಅನ್ನ ಬಿಟ್ಟಳು. ಅಪ್ಪ ಶ್ರೀನಿವಾಸಪುರಕ್ಕೆ ಹೊರಡಲು ಕೋಟು ತೊಡುತ್ತಿದ್ದ ಬೆಳಿಗ್ಗೆ ಮೇಷ್ಟರು ಒಬ್ಬರೇ ಬಂದು ಜಗಲಿಯ ಕೆಳಗೆ ನಿಂತರು.

"ಬಸ್ಸಲ್ಲಿ ನಮ್ಮಮ್ಮ, 'ಪಿಲ್ಲ ಎಟ್ಲುಂದಿರಾ' ಅಂದ್ರು ಸ್ವಾಮಿ. ಹುಡುಗಿ ಹೇಗಿದ್ದಾಳೋ ಹೇಳೋಕೆ ಆಗ್ಲಿಲ್ಲ. ನಾನು ಪುಸ್ತಕಾನೇ ನೋಡ್ತಾ ಕೂತ್ಬಿಟ್ಟಿದ್ದೆ."

ಕಾಗದದ ಹೆಣ್ಣಿನ ಕಣ್ಣಿಗಾಗಿ ಅಷ್ಟು ತಡಕಾಡಿದ ವಿದ್ವಾಂಸರು ಎದುರಿಗಿದ್ದ ಜೀವದ ಮುಖವನ್ನೇ ನೋಡದೆ ಹೋಗಿದ್ದರು! ಒಬ್ಬಂಟಿಯಾಗಿ ಹೆಣ್ಣಿನ ಮನೆಗೆ ಬಂದ ಗಂಡನ್ನು ಬೈಯಬೇಕೋ ಕೂರಿಸಬೇಕೋ ಅಪ್ಪನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಯಾರೂ ಕರೆಯದೆಯೇ ಅಕ್ಕ ಹೊರಬಂದಳು. ಜಗಲಿಯ ಅಂಚಿನಲ್ಲಿ ನಿಂತು, ನಮ್ಮೆಲ್ಲರ ಮುಂದೆ ತಲೆಯೆತ್ತಿ ಅವರನ್ನು ದಿಟ್ಟಿಸಿದಳು.

"ನೋಡಿ," ಎಂದಳು. "ಅವತ್ತು ನಾನೂ ನಿಮ್ಮನ್ನ ನೋಡಿರ್ಲಿಲ್ಲ."