ಕಳಿಸಿದ್ದು ಬರೀ ವಿಳಾಸ

ಅಪ್ಪನ ಸ್ನೇಹಿತರೊಬ್ಬರು ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲವಂತೆ. ಅವರು ತೀರಿಕೊಂಡು ಹತ್ತು ತಿಂಗಳಾದಾಗ ಅವರ ಹೆಂಡತಿಯೇ ನಮಗೆ ಹೀಗೆ ಹೇಳಿದರು. ಅವರನ್ನು ನಾನು ಆಂಟಿ ಅನ್ನುತ್ತೇನೆ. ಮುಂಬಯಿಯ ಸಯನ್‌ನಲ್ಲಿರುವ ಅವರ ಫ್ಲ್ಯಾಟಿನಲ್ಲಿ ಕೂತು, ವರ್ಷದ ತಿಥಿಗೆ ಒಂದು ಪುಟ್ಟ ನೆನಪಿನ ಪುಸ್ತಕ ಅಚ್ಚು ಹಾಕಿಸಿ ಬಂದವರಿಗೆಲ್ಲ ಕೊಡಬೇಕೆಂದಿದ್ದೇವೆ, ನೀವೂ ಬರೆಯಿರಿ ಎಂದು ಅಪ್ಪನನ್ನು ಕೇಳಿದರು.

"ಬೆಳಿಗ್ಗೆ ಏಳೂಮುಕ್ಕಾಲಿಗೆ ಹೋಗೋರು, ಸಂಜೆ ಬಂದು ಪೇಪರ್ ಹಿಡಿಯೋರು. ಇವರ ಮಾತೆಲ್ಲ ಲೋಕಲ್ ಟ್ರೈನ್‌ನಲ್ಲೇ ಖರ್ಚಾಗಿಬಿಡ್ತಿತ್ತು. ಅಲ್ಲಿ ಏನು ಮಾತಾಡ್ತಿದ್ರು ಅಂತ ನಂಗೊಂಚೂರು ಬರೆದುಕೊಡಿ. ಪುಸ್ತಕ ಎಲ್ಲರಿಗೂ ಆಯ್ತು, ಅದು ಮಾತ್ರ ನನಗೆ."

ಆಗ ಅವರಿದ್ದದ್ದೂ ನಮ್ಮ ಜೋಗೇಶ್ವರಿಯಲ್ಲೇ. ಇಪ್ಪತ್ತಾರು ವರ್ಷ ಆ ಸ್ನೇಹಿತರೂ ಅಪ್ಪನೂ ರೈಲಿನ ಒಂದೇ ಡಬ್ಬಿಯಲ್ಲಿ ಚರ್ಚ್‌ಗೇಟಿಗೆ ಕೆಲಸಕ್ಕೆ ಹೋಗುತ್ತಿದ್ದರು. ದಿನಾ ಅದರಲ್ಲಿ ಜೊತೆಗೆ ಹೋಗುವವರ ಗುಂಪಿಗೆ ಒಂದು ಕಟ್ಟಳೆ ಇತ್ತು: ಕೂತವರು ಅರ್ಧ ದಾರಿಯ ದಾದರ್ ಸ್ಟೇಷನ್ ಬಂದ ಕೂಡಲೇ ಎದ್ದು, ನಿಂತವರಿಗೆ ಜಾಗ ಬಿಡಬೇಕು. ಅಪ್ಪನೂ ಅವರೂ ಎಂದೂ ಜೊತೆಯಾಗಿ ಕೂರಲಿಲ್ಲ. ಒಬ್ಬರು ಕೂತಿದ್ದರೆ ಇನ್ನೊಬ್ಬರು ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿ ನಿಂತಿರುತ್ತಿದ್ದರು. ಮಾತೆಲ್ಲ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ.

ಅಪ್ಪ ಬರೆದರು ಅನ್ನುವುದಕ್ಕಿಂತ ಫೋನಿಗೆ ಹೇಳಿದರು ಅನ್ನಬೇಕು. ಬೆರಳು ನಡುಗುತ್ತದೆ ಎಂದು ಬಾಲ್ಕನಿಯಲ್ಲಿ ಓಡಾಡುತ್ತ ಮಾತಾಡುತ್ತಿದ್ದರು, ಫೋನು ಅದನ್ನು ಅಕ್ಷರ ಮಾಡುತ್ತಿತ್ತು. ಮೂರು ವಾರ ಹಾಗೇ ನಡೆಯಿತು. ಒಮ್ಮೊಮ್ಮೆ ನಿಂತುಬಿಡುತ್ತಿದ್ದರು, ಒಮ್ಮೊಮ್ಮೆ ಒಬ್ಬರೇ ನಗುತ್ತಿದ್ದರು. ನಡುನಡುವೆ ಹಳೆಯ ಫೋಟೋಗಳನ್ನೂ ಸೇರಿಸಿದರು. ಕೊನೆಗೆ ನನ್ನನ್ನು ಕರೆದರು.

"ಒಂದ್ಸಲ ಓದಿ ತಪ್ಪು ತಿದ್ದಿಕೊಡೇ."

"ಪ್ರೆಸ್‌ನವರು ತಿದ್ದುತ್ತಾರಪ್ಪ, ಅವರಿಗೆ ಅದೇ ಕೆಲಸ."

ನಾನು ಓದಲಿಲ್ಲ. ಸಮಯ ಇರಲಿಲ್ಲವೆಂದು ವಾದಿಸಬಹುದು. ಆದರೆ ಇತ್ತು. ದಾದರ್, ಸೀಟು, ಮುದುಕರ ಹರಟೆ ಎಲ್ಲ ನನಗೆ ಗೊತ್ತಿದ್ದದ್ದೇ ಎಂದುಕೊಂಡಿದ್ದೆ.

ಫೋಟೋಗಳಿಂದಾಗಿ ಫೈಲು ಭಾರವಾಗಿತ್ತು. ಅಪ್ಪನ ಇಮೇಲ್ ಅದನ್ನು ಹೊರಲಾಗದೆ ಕ್ಲೌಡ್‌ನಲ್ಲಿಟ್ಟು ಲಿಂಕ್ ಕಳಿಸಲೇ ಎಂದು ಕೇಳಿತು. ಹೂಂ ಎಂದು ಒತ್ತಿ ಆಂಟಿಯ ಮಗಳಿಗೆ, ಪುಸ್ತಕದ ಜವಾಬ್ದಾರಿ ಹೊತ್ತಿದ್ದ, ನಾನು ಅಕ್ಕ ಎಂದು ಕರೆಯುವವಳಿಗೆ, ಕಳಿಸಿದೆ. ಪತ್ರದ ಕೆಳಗೆ ಫೈಲಿನ ಹೆಸರು, ಪಕ್ಕದಲ್ಲಿ ಕಾಗದದ ಪುಟ್ಟ ಚಿತ್ರ. ನೋಡಿದರೆ ಥೇಟ್ ಅಟ್ಯಾಚ್‌ಮೆಂಟೇ. ಒಳಗಿದ್ದದ್ದು ಮಾತ್ರ ಬರೀ ವಿಳಾಸ. ಫೈಲು ಅಪ್ಪನ ಖಾತೆಯಲ್ಲೇ ಕೂತಿತ್ತು, ಬಾಗಿಲು ಹಾಕಿಕೊಂಡು. ತೆರೆಯಲು ಅಪ್ಪನ ಅನುಮತಿ ಬೇಕಿತ್ತು. ನಾನದನ್ನು ನೋಡಲಿಲ್ಲ.

ಅನುಮತಿ ಕೇಳಿ ಪತ್ರಗಳು ಬಂದವು, ಅಪ್ಪನಿಗೆ. ಅದಕ್ಕೆ ಆರು ತಿಂಗಳ ಹಿಂದೆ ಯಾರೋ ಬ್ಯಾಂಕಿನವನೆಂದು ಹೇಳಿಕೊಂಡು ಅಪ್ಪನಿಂದ ಓಟಿಪಿ ಕಸಿಯಲು ನೋಡಿದ್ದ. ಅಂದು ನಾನು ಅವರಿಗೆ ದೊಡ್ಡ ಭಾಷಣವನ್ನೇ ಬಿಗಿದಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಬಂದವಳು. ಒಂದು ಮಾತನ್ನು ಎದುರಿನವರ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂರಿಸುವುದು ಗೊತ್ತು. ಇಲ್ಲಿ ಒತ್ತಿ, ಒಪ್ಪಿಗೆ ಕೊಡಿ ಎಂದು ಯಾವ ಇಮೇಲ್ ಕೇಳಿದರೂ ಅದು ಕಳ್ಳನದೇ ಎಂದಿದ್ದೆ. ಅಕ್ಕ ಕೇಳಿದ್ದು ತನ್ನ ಆಫೀಸಿನ ವಿಳಾಸದಿಂದ. ಅಲ್ಲಿ ಅವಳ ಹೆಸರೂ ಪೂರ್ತಿ ಇರಲಿಲ್ಲ, ಎರಡು ಅಕ್ಷರ, ಒಂದಷ್ಟು ಅಂಕಿ.

"ಇವತ್ತೂ ಒಬ್ಬ ಬಂದಿದ್ದ ಕಣೇ," ಎಂದರು ಅಪ್ಪ ಊಟದ ಹೊತ್ತಿಗೆ. "ಫೈಲ್ ನೋಡಕ್ಕೆ ಬಿಡಿ ಅಂತಾನೆ. ಬಿಡ್ತೀನಾ? ಡಿಲೀಟ್."

"ಶಹಬ್ಬಾಸ್," ಎಂದೆ.

ಹಾಗೆ ನಾಲ್ಕು ಸಲ. ನಾಲ್ಕು ಸಲವೂ ನಾನು ಹೊಗಳಿದೆ. ಯಾವ ಫೈಲು ಎಂದು ಒಮ್ಮೆಯೂ ಕೇಳಲಿಲ್ಲ. ಎಲ್ಲರ ಮಾತಿಗೂ ಪುರಾವೆ ಕೇಳುವ ನಾನು.

ಮುಂದಿನ ವಾರ ಅಪ್ಪನ ಖಾತೆಯಲ್ಲಿ ಜಾಗ ತುಂಬಿದೆ, ಇನ್ನು ಪತ್ರಗಳು ಬರುವುದಿಲ್ಲ ಎಂಬ ಎಚ್ಚರಿಕೆ ಬಂತು. ನಾನೇ ಕೂತು ಅಳಿಸಿದೆ. ಎಲ್ಲಕ್ಕಿಂತ ದೊಡ್ಡದು ಆ ಫೈಲೇ.

"ಅದು ಬೇಕಾಗತ್ತೇನೋ," ಎಂದರು ಅಪ್ಪ.

"ಕಳಿಸಿ ಆಯ್ತಲ್ಲಪ್ಪ. ಈಗ ಅದು ಅವರ ಹತ್ರ ಇದೆ. ಪೋಸ್ಟಿಗೆ ಹಾಕಿದ ಕಾಗದ ಮನೇಲೂ ಇರತ್ತಾ?"

ಅಳಿಸಿದೆ. ಜಾಗ ಪೂರ್ತಿ ಸಿಗಲೆಂದು ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.

ತಿಥಿಯ ದಿನ ಸಯನ್‌ನಲ್ಲಿ ಊಟ ಮುಗಿಸಿ ಕೈ ತೊಳೆದು ಬಂದವರಿಗೆ ಅಕ್ಕ ಪುಸ್ತಕ ಹಂಚಿದಳು. ಅಪ್ಪ ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದರು. ಕೊನೆ ಮುಟ್ಟಿ ಮತ್ತೆ ಮೊದಲಿನಿಂದ ತಿರುಗಿಸಿದರು. ಆಮೇಲೆ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ನಾನು ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಅಪ್ಪನದ್ದು ಯಾಕೆ ಬಿಟ್ರಿ?"

"ಅರೇ, ನಾನು ಚಾರ್ ಬಾರ್ ರಿಕ್ವೆಸ್ಟ್ ಹಾಕಿದೆ, ನಾಲ್ಕು ಸಲ. ಅಂಕಲ್ ಅಲೌ ಮಾಡ್ಲೇ ಇಲ್ಲ. ಫೋನ್ ಮಾಡೋಣ ಅಂದ್ರೆ ಅಮ್ಮ ಬೇಡ ಅಂದ್ಳು. ಬರೆದ ಮೇಲೆ ಕೊಡಕ್ಕೆ ಮನಸ್ಸಾಗಿಲ್ಲವೇನೋ, ಸಂಕಟ ಇರತ್ತೆ, ತೊಂದ್ರೆ ಕೊಡಬೇಡ ಅಂತ."

ಅಲ್ಲಿಯೇ ನಿಂತು ಅವಳ ಫೋನಿನಲ್ಲಿ ಆ ಲಿಂಕ್ ಒತ್ತಿದೆ. ಇಂಥ ಫೈಲು ಇಲ್ಲ ಎಂದಿತು. ಮನೆಗೆ ಬಂದು ಅಪ್ಪನ ಖಾತೆ, ಫೋನು, ನನ್ನ ಲ್ಯಾಪ್‌ಟಾಪು ಎಲ್ಲವನ್ನೂ ಜಾಲಾಡಿದೆ. ಇಮೇಲ್ ಕಂಪನಿಗೂ ಬರೆದೆ. ಮರಳಿ ತರಲಾಗದು, ವಿಷಾದಿಸುತ್ತೇವೆ ಎಂದು ಸಭ್ಯ ಉತ್ತರ ಬಂತು. ತಪ್ಪು ಆ ಅಟ್ಯಾಚ್‌ಮೆಂಟಿನ ವೇಷದ್ದು ಎಂದು ನಾನು ಹತ್ತು ನಿಮಿಷ ವಾದ ಮಂಡಿಸಬಲ್ಲೆ. ಗೆಲ್ಲಲೂಬಲ್ಲೆ. ಅಪ್ಪನ ಎದುರು ಮಂಡಿಸಲಿಲ್ಲ. ನಡೆದದ್ದಷ್ಟನ್ನೂ ಹೇಳಿದೆ. "ಓಹ್, ಆ ಕಳ್ಳ ಅವರ ಮಗಳಾ," ಎಂದರು. ಬಯ್ಯಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ಆಂಟಿಯ ಮನೆಗೆ ಹೋಗಿ ವಿಷಯ ತಿಳಿಸಿದೆವು. ಅವರು ಕಾಫಿ ತಂದಿಟ್ಟು ಅಪ್ಪನ ಎದುರಿಗೇ ಕೂತರು.

"ಹೋಗ್ಲಿ ಬಿಡಿ. ಬರೆದದ್ದು ಹೋದ್ರೆ ಬಾಯಲ್ಲಿ ಹೇಳಿ."

ಅಪ್ಪ ಸೀಟಿನ ಕಟ್ಟಳೆ ಹೇಳಿದರು. ಅದು ಆಂಟಿಗೂ ಗೊತ್ತಿತ್ತು. ಆಮೇಲೆ ತಡವರಿಸಿದರು. ಬಾಲ್ಕನಿಯಲ್ಲಿ ಮೂರು ವಾರ ಒಂದೊಂದಾಗಿ ಬಂದದ್ದು ಇಲ್ಲಿ, ಇಬ್ಬರ ಎದುರು, ಬರಲಿಲ್ಲ.

"ನನ್ನ ಸುದ್ದಿ ಏನಾದ್ರೂ ಎತ್ತುತ್ತಿದ್ರಾ?"

"ದಿನಾ," ಎಂದರು ಅಪ್ಪ ತಟ್ಟನೆ. "ನಿಮ್ಮ ಕಾಯಿ ಒಬ್ಬಟ್ಟು. ಅವಳು ಮಾಡಿದ್ದು ಬಿಟ್ಟು ಬೇರೆ ತಿನ್ನಲ್ಲ ಅಂತಿದ್ದ. ಡಬ್ಬಿಯವರಿಗೆಲ್ಲ ಹಂಚಿದ್ದ ಒಂದ್ಸಲ."

ಆಂಟಿ ಸೆರಗಿನ ತುದಿ ಸರಿ ಮಾಡಿಕೊಂಡರು.

"ನಂಗೆ ಒಬ್ಬಟ್ಟು ಬರಲ್ಲ. ನಮ್ಮನೇಲಿ ಯಾವತ್ತೂ ಅಂಗಡಿಯಿಂದಲೇ ತರೋದು."

ಅವರೇ ಲೋಟಗಳನ್ನು ನಮ್ಮ ಕಡೆ ಸರಿಸಿ, "ಕಾಫಿ ಆರುತ್ತೆ, ಕುಡೀರಿ," ಎಂದರು.

ಸಯನ್‌ನಲ್ಲಿ ರೈಲು ಹತ್ತಿದಾಗ ಡಬ್ಬಿ ಅರ್ಧ ಖಾಲಿಯಿತ್ತು. ಅಪ್ಪ ಕಿಟಕಿಯ ಪಕ್ಕ ಕೂತರು. ಮಾತುಂಗಾ ಸ್ಟೇಷನ್ ದಾಟಿದ ಮೇಲೆ ಕೇಳಿದರು.

"ಹಾಗಾದ್ರೆ ಆ ಒಬ್ಬಟ್ಟು ಯಾರದ್ದೇ? ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ."

"ಗುಂಪಲ್ಲಿ ಬೇರೆ ಯಾರಾದರೂ ಹೇಳಿರಬಹುದು ಅಪ್ಪ."

ಅನ್ನಬಾರದಿತ್ತು. ಅಭ್ಯಾಸಬಲ, ಬಾಯಿಂದ ಬಂದುಬಿಟ್ಟಿತು. ಅಪ್ಪ ನನ್ನ ಕಡೆ ತಿರುಗಿದರು.

"ಮಿಕ್ಕದ್ದೂ ಹಾಗೇನಾ? ನಾನು ಬರೆದದ್ದರಲ್ಲಿ ಅವನದ್ದು ಎಷ್ಟಿತ್ತು?"

ಅದನ್ನು ಓದಿದವರು ಯಾರೂ ಇರಲಿಲ್ಲ. ರೈಲು ಬದಲಿಸಲು ಇಳಿಯಬೇಕಿದ್ದ ದಾದರ್ ಬಂತು, ನಾನು ಅವರ ಚೀಲ ಕೈಗೆತ್ತಿಕೊಂಡೆ.